ಬಿಷಪ್ಪನ ನೆತ್ತರು

ಅರ್ಜೆಂಟೀನಾದಲ್ಲಿ ನಡುಮಧ್ಯಾಹ್ನ ಹೊಗೆ ಕಂಡರೆ ಯಾರೂ ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡುವುದಿಲ್ಲ, ತಟ್ಟೆ ಹಿಡಿದು ಓಡುತ್ತಾರೆ. ಆದ್ದರಿಂದ ಒತೀಲಿಯಾ ಬುಸ್ತೋಸ್ ಬಸ್ಸಿಳಿದು ತಾನು ವಿಜ್ಞಾನಿಯಾಗಿದ್ದ ಸಂಶೋಧನಾ ಕೇಂದ್ರದ ಗೇಟಿನೊಳಗೆ ಕಾಲಿಟ್ಟಾಗ ಕೊಬ್ಬು ಸುಡುವ ವಾಸನೆ ಮೂಗಿಗೆ ಬಡಿದರೂ ಅವಳಿಗೆ ಏನೂ ಅನ್ನಿಸಲಿಲ್ಲ. ಡಿಸೆಂಬರ್ ತಿಂಗಳು, ನಾಲ್ಕು ಜನ ಸೇರಿದರೆ ಸಾಕು ಮಾಂಸ ಸುಡುವ ಕಾಲ. ಮುಂದಿನ ವಾರ ಬರಬೇಕಿದ್ದ ಆರೋಗ್ಯ ಸಚಿವರು ಇವತ್ತೇ ಬರುತ್ತಿದ್ದಾರೆಂದು ಕಾವಲುಗಾರ ಹೇಳಿದ. ಬರಲಿ, ಉಂಡು ಹೋಗಲಿ ಎಂದುಕೊಂಡು ಅವಳು ಎಂದಿನಂತೆ ಮೊದಲು ದೊಡ್ಡಿಯ ಕಡೆ ನಡೆದಳು. ದೊಡ್ಡಿಯಲ್ಲಿ ಹಾಲಿನ ಮೇಕೆಗಳಷ್ಟೇ ಇದ್ದವು. ಬಿಷಪ್ಪನ ಮೂಲೆ ಖಾಲಿಯಾಗಿತ್ತು.

ಬಿಷಪ್ಪ ಎಂದರೆ ಬೀಜ ಒಡೆಸಿದ ಒಂದು ಬಿಳಿ ಹೋತ. ಅವಳೇ ಕುದುರೆಮಸಾಲೆ ಸೊಪ್ಪು, ಮೆಕ್ಕೆಜೋಳ ಹಾಕಿ ಬೆಳೆಸಿದ್ದು. ಮೈತುಂಬ ಕೊಬ್ಬು, ಗದ್ದದಡಿ ಗಡ್ಡ, ಅರೆಮುಚ್ಚಿದ ಕಣ್ಣು. ಮೆಲುಕು ಹಾಕುತ್ತ ಕೂತರೆ ಹಬ್ಬದ ಪೂಜೆ ಮುಗಿಸಿ ಹೊಟ್ಟೆತುಂಬ ಉಂಡು ಕೂತ ಬಿಷಪ್ಪರನ್ನೇ ಕಂಡಂತಾಗುತ್ತಿತ್ತು. ಹೆಸರಿಟ್ಟವರು ಯಾರೋ, ಅದೇ ನಿಂತುಬಿಟ್ಟಿತು.

ಆ ಹೋತನ ಮೈಯಲ್ಲಿ ಏನಿತ್ತೆಂದು ತಿಳಿಯದೆ ಒತೀಲಿಯಾಳ ಸಿಟ್ಟು ಅರ್ಥವಾಗುವುದಿಲ್ಲ. ಬಸುರಿಯ ಹೊಟ್ಟೆಯಲ್ಲಿ ಮಗುವನ್ನು ಪೊರೆಯುವ ಮಾಸು ಇದೆಯಲ್ಲ, ಅದು ರಕ್ತನಾಳಗಳು ಬೆಳೆಯಲೆಂದು ಒಂದು ಪ್ರೋಟೀನನ್ನು ಹೊರಬಿಡುತ್ತದೆ. ತಾಯಿಯ ರಕ್ತದಲ್ಲಿ ಅದು ಧಾರಾಳವಾಗಿದ್ದರೆ ಚಿಂತೆಯಿಲ್ಲ. ತೀರ ಕಡಿಮೆಯಾದರೆ ಕೇಡು ಹತ್ತಿರದಲ್ಲಿದೆ ಎಂದೇ ಲೆಕ್ಕ: ಬಿ.ಪಿ. ಏರುತ್ತದೆ, ಮುಖ ಕೈಕಾಲು ಬಾತುಕೊಳ್ಳುತ್ತವೆ, ಕೊನೆಗೆ ಫಿಟ್ಸ್ ಬಂದು ತಾಯಿಯೂ ಹೋಗಬಹುದು, ಮಗುವೂ ಹೋಗಬಹುದು. ಬೆಟ್ಟದ ಹಳ್ಳಿಗಳಲ್ಲಿ ಹೀಗೆ ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ದೇವರು ಕರೆಸಿಕೊಂಡ ಎಂದು ಶಿಲುಬೆ ನೆಟ್ಟು, ಮನೆಗೆ ಬಂದು ಮಾತೆ ಎಂಬ ಸೊಪ್ಪಿನ ಚಹಾ ಹೀರುತ್ತ ಕೂರುತ್ತಾರೆ. ಒತೀಲಿಯಾ ತಾನೇ ಆ ಹಾದಿಯಲ್ಲಿ ಅರ್ಧ ಹೋಗಿ ವಾಪಸು ಬಂದವಳು. ಅವಳಿಗೆ ಎಚ್ಚರವಾದಾಗ ಮಗುವನ್ನು ಮಣ್ಣು ಮಾಡಿಯಾಗಿತ್ತು. ಅದರ ಮುಖವನ್ನು ಅವಳು ನೋಡಲೇ ಇಲ್ಲ.

ಆ ಪ್ರೋಟೀನನ್ನು ಮುಂಚೆಯೇ ಅಳೆದು ನೋಡುವ ಪರೀಕ್ಷೆ ರಾಜಧಾನಿಯ ಖಾಸಗಿ ಆಸ್ಪತ್ರೆಗಳಲ್ಲಿ ಇತ್ತು. ಬೆಟ್ಟ ಹತ್ತಿ ಬರುವಷ್ಟು ಪುರುಸೊತ್ತು ಅದಕ್ಕಿರಲಿಲ್ಲ. ನಾವೇ ಮಾಡಿಕೊಳ್ಳೋಣ ಎಂದು ಹಟ ಹಿಡಿದವಳು ಒತೀಲಿಯಾ. ಮನುಷ್ಯರ ಆ ಪ್ರೋಟೀನನ್ನು ಆಡಿನ ಮೈಗೆ ಚುಚ್ಚಿದರೆ, ಇದು ನನ್ನದಲ್ಲ ಎಂದು ಆಡಿನ ರಕ್ತ ಅದರ ಮೇಲೆ ಬೀಳುವ ಪ್ರತಿಕಾಯವನ್ನು ತಯಾರಿಸುತ್ತದೆ. ಪುಸ್ತಕದಲ್ಲಿ ಹಾಗೆಂದು ಇದೆ, ಆದರೆ ಆಡು ಪುಸ್ತಕ ಓದಿರುವುದಿಲ್ಲ. ನಾಲ್ಕು ಹೋತಗಳಿಗೆ ಚುಚ್ಚಿದ್ದರಲ್ಲಿ ಮೂರು ಸುಮ್ಮನೆ ಮೇದವು. ಅವನ್ನು ಮಾರಿಬಿಟ್ಟರು. ಒಲಿದವನು ಬಿಷಪ್ಪನೊಬ್ಬನೇ.

ಅವನ ಪ್ರತಿಕಾಯಕ್ಕೆ ಎರಡು ವಿದ್ಯೆ ಬರುತ್ತಿತ್ತು. ಬಸುರಿಯ ರಕ್ತದಲ್ಲಿ ಆ ಪ್ರೋಟೀನು ಎಲ್ಲಿ ಅವಿತಿದ್ದರೂ ಹಿಡಿದು ತೋರಿಸುತ್ತಿತ್ತು. ಇನ್ನೊಂದು, ಅದರ ಕೈ ಕಟ್ಟಿಹಾಕುವ ವಿದ್ಯೆ. ಗಾಜಿನ ತಟ್ಟೆಯ ಜೀವಕೋಶಗಳು ಆ ಪ್ರೋಟೀನು ಸಿಕ್ಕರೆ ಹುಲುಸಾಗಿ ಹಬ್ಬುತ್ತಿದ್ದವು, ಜೊತೆಗೆ ಬಿಷಪ್ಪನ ಪ್ರತಿಕಾಯ ಬೆರೆಸಿದರೆ ಇದ್ದಲ್ಲೇ ನಿಂತುಬಿಡುತ್ತಿದ್ದವು. ಹಿಡಿದದ್ದು ಬೇರೆ ಯಾವುದನ್ನೂ ಅಲ್ಲ, ಅದನ್ನೇ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಇಲ್ಲಿಯವರೆಗೆ ತೆಗೆದ ಒಂದಿಷ್ಟು ರಕ್ತ ಇಂಥ ಪರೀಕ್ಷೆಗಳಲ್ಲೇ ಖರ್ಚಾಗಿತ್ತು. ವಿದೇಶದಿಂದ ತರಿಸಿದ್ದ ಪ್ರೋಟೀನಿನ ಕಡೆಯ ಹನಿಯನ್ನು ಹೋದ ವಾರ ಅವನಿಗೆ ಚುಚ್ಚಿ ಆಗಿತ್ತು. ಸೋಮವಾರದ ಹೊತ್ತಿಗೆ ರಕ್ತ ಪೂರಾ ಹದಕ್ಕೆ ಬರುತ್ತಿತ್ತು. ಅಲ್ಲಿಂದ ಮುಂದೆ ತಿಂಗಳಿಗಿಷ್ಟು ತೆಗೆಯುತ್ತ, ಅವನನ್ನು ಮುದ್ದು ಮಾಡುತ್ತ ವರ್ಷಗಟ್ಟಲೆ ನಡೆಸಬಹುದಿತ್ತು. ಅವತ್ತು ಬೆಳಿಗ್ಗೆಯೇ ಅವಳು ಬೆಟ್ಟದ ಹೆರಿಗೆ ಆಸ್ಪತ್ರೆಗೆ ಹೋಗಿ, ಜನವರಿಯಿಂದ ಬಸುರಿಯರ ರಕ್ತ ಪರೀಕ್ಷೆ ಶುರುಮಾಡೋಣ ಎಂದು ಅಲ್ಲಿನ ಡಾಕ್ಟರಮ್ಮನಿಗೆ ಮಾತು ಕೊಟ್ಟು ಬಂದಿದ್ದಳು.

ಕಾವಲುಗಾರನ ಮಾತು, ಹೊಗೆ, ಖಾಲಿ ಮೂಲೆ ಮೂರೂ ತಲೆಯಲ್ಲಿ ಒಂದಕ್ಕೊಂದು ತಗಲಿಕೊಳ್ಳುವ ಮುಂಚೆಯೇ ಅವಳ ಕಾಲು ಹಿತ್ತಲಿಗೆ ಓಡಿದ್ದವು.

ಬೆಂಕಿಯ ಮುಂದೆ ದೋನ್ ಸೆಫೆರಿನೊ ಕೂತಿದ್ದ. ಪಕ್ಕದ ಊರಿನಿಂದ ಮಾಂಸ ಸುಡಲೆಂದೇ ಕರೆಸಿದ ಮುದುಕ. ಈ ಕೆಲಸದಲ್ಲಿ ಅವನನ್ನು ಮೀರಿಸಿದವರು ಆ ಸೀಮೆಯಲ್ಲಿ ಇರಲಿಲ್ಲ. ನೆಲಕ್ಕೆ ನೆಟ್ಟ ಕಬ್ಬಿಣದ ಶಿಲುಬೆಗಳ ಮೇಲೆ ಮರಿಗಳು ಒಂದೆರಡು, ನಡುವೆ ಅಗಲವಾಗಿ ಬಿಡಿಸಿ ಕಟ್ಟಿದ ಒಂದು ದೊಡ್ಡ ಮೈ. ಅದರ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರುಗುಟ್ಟುತ್ತಿತ್ತು. ಬಿಳಿ ಚರ್ಮ ಬೇಲಿಯ ಮೇಲೆ ಒಣಗುತ್ತಿತ್ತು. ಒತೀಲಿಯಾ ಆ ಚರ್ಮವನ್ನು ಮುಟ್ಟಿ ನೋಡಿ, ಇದನ್ನು ಕಡಿಯಲು ಹೇಳಿದವರು ಯಾರು ಎಂದು ಕೇಳಿದಳು.

ಮುದುಕ ಎದ್ದು ನಿಂತು ಟೊಪ್ಪಿ ತೆಗೆದ. ಓದಿದ ಹೆಂಗಸೆಂದು ಅವಳನ್ನು ಅಲ್ಲಿ ಎಲ್ಲರೂ ದೊತ್ತೋರಾ, ಅಂದರೆ ಡಾಕ್ಟರಮ್ಮ, ಎಂದೇ ಕರೆಯುತ್ತಿದ್ದರು. ತರಿಸಿದ್ದ ಮರಿಗಳು ಬಡಕಲು, ಸಚಿವರ ಜೊತೆ ಬರುವವರು ಎರಡು ಪಟ್ಟಾಗಿದ್ದಾರೆ, ಡೈರೆಕ್ಟರು ಕಿಟಕಿಯಿಂದಲೇ ದೊಡ್ಡಿಯ ಕಡೆ ಕೈ ಮಾಡಿ ಕೊಬ್ಬಿರುವುದನ್ನು ಕಡಿ ಎಂದರು, ದೊಡ್ಡಿ ನೋಡಿಕೊಳ್ಳುವವನನ್ನು ಬೇರೆ ಕುರ್ಚಿ ತರಲು ಪೇಟೆಗೆ ಓಡಿಸಿದ್ದರು ಎಂದೆಲ್ಲ ಒಪ್ಪಿಸಿದ.

"ನಾನೇನು ಕುರುಡನಾ ದೊತ್ತೋರಾ? ಕಿವೀಲಿ ಬಿಲ್ಲೆ ಐತಲ್ಲ ಧಣೀ, ಯಾರದೋ ಏನೋ ಅಂತ ಡೈರೆಕ್ಟ್ರಿಗೂ ಅಂದೆ. ಎಲ್ಲಾ ಸರ್ಕಾರದ್ದೇ, ಕಡಿಯಯ್ಯ ಅಂದ್ರು. ಡಿಸೆಂಬರಲ್ಲಿ ಇಷ್ಟು ಕೊಬ್ಬಿದ ಹೋತನ್ನ ಸಾಕೋದು ಇನ್ಯಾತಕ್ಕೆ ಅಂತ ನಾನೂ ಅನ್ಕೊಂಡೆ."

ಅಲ್ಲಿ ಯಾರನ್ನು ಕೇಳಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಆ ಊರಿನಲ್ಲಿ ಕೊಬ್ಬಿದ ಹೋತನಿಗೂ ವರ್ಷದ ಕೊನೆಗೂ ಇರುವ ಸಂಬಂಧವನ್ನು ಹೊಟ್ಟೆಯಲ್ಲಿರುವ ಮಗು ಕೂಡ ಬಲ್ಲದು. ಮುದುಕನ ಮೇಲೆ ಕೂಗಾಡುವುದರಲ್ಲಿ ಅರ್ಥವಿಲ್ಲವೆಂದು ಅವಳಿಗೂ ಗೊತ್ತಿತ್ತು. ಸುಮ್ಮನೆ ಕೆಂಡದ ಮುಂದೆ ನಿಂತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ, ಇಲ್ಲಿ ಬೇರೆಯವರ ಬಾಯಿಗೆ ಹೋಗುತ್ತಿತ್ತು. ಅವಳು ಅತ್ತದ್ದು ಹೊಗೆಯಿಂದ ಎಂದು ತಿಳಿದು ಮುದುಕ ಗಾಳಿಯ ಈಚೆ ಬದಿಗೆ ಬರಲು ಹೇಳಿದ. ಆಮೇಲೆ ಸಮಾಧಾನಕ್ಕೆಂದು ತನ್ನ ಕೆಲಸದ ಅಚ್ಚುಕಟ್ಟನ್ನು ಹೇಳತೊಡಗಿದ.

"ಪ್ರಾಣಿ ಒದ್ದಾಡ್ಲಿಲ್ಲ. ಕುತ್ತಿಗೆಗೆ ಒಂದೇ ಗೀರು. ನೆತ್ತರು ಒಂದು ಹನಿ ನೆಲಕ್ಕೆ ಬಿಟ್ಟಿಲ್ಲ ನೋಡಿ, ಅಷ್ಟೂ ಬೋಗುಣಿಗೆ ಹಿಡಿದು ಕೊಟ್ಟೆ. ಅಡುಗೆ ಹಸಿಂತಮ್ಮ ಚಾನ್ಫಾಯ್ನಾ ಮಾಡ್ತಾಳಂತೆ."

ಒತೀಲಿಯಾ ತಿರುಗಿ ನೋಡದೆ ಅಡುಗೆಮನೆಗೆ ಓಡಿದಳು. ಪ್ರತಿಕಾಯ ಇರುವುದು ಮಾಂಸದಲ್ಲಲ್ಲ, ರಕ್ತದಲ್ಲಿ. ಹದಕ್ಕೆ ಕೊಂಚ ಮುಂಚೆಯಾದರೂ ಅದು ಕೆಲಸಕ್ಕೆ ಬರುತ್ತದೆ. ಮಾಂಸ ಸುಟ್ಟು ತಿಂದು ಹಾಳಾಗಿ ಹೋಗಲಿ. ಆ ರಕ್ತ ಒಲೆಯ ಮೇಲೆ ಏರಿತೋ, ಮೊಟ್ಟೆ ಬೆಂದಂತೆ ಬೆಂದು ಎಲ್ಲ ಮುಗಿಯಿತು. ಚಾನ್ಫಾಯ್ನಾ ಎಂದರೆ ಮತ್ತೇನು, ಆಡಿನ ಕರುಳು, ಕಾಳಿಜವನ್ನು ಈರುಳ್ಳಿಯೊಂದಿಗೆ ಹುರಿದು ಅದರ ರಕ್ತವನ್ನೇ ಸುರಿದು ಕುದಿಸುವ ಗೊಜ್ಜು.

ಅಡುಗೆಮನೆಯಲ್ಲಿ ದೋನ್ಯಾ ಹಸಿಂತಾ ಒಂದು ಕೈಯಲ್ಲಿ ಈರುಳ್ಳಿ ಕೆದಕುತ್ತ, ಇನ್ನೊಂದು ಕೈಯನ್ನು ಮೊಣಕೈವರೆಗೆ ಬೋಗುಣಿಯಲ್ಲಿ ಅದ್ದಿ ರಕ್ತ ಕಲಕುತ್ತಿದ್ದಳು, ಹೆಪ್ಪುಗಟ್ಟಬಾರದೆಂದು. ಬೋಗುಣಿ ತುಂಬ ಇತ್ತು. ಗ್ರಿಲ್ಲಿಗೆಂದು ಪೇಟೆಯಿಂದ ತಂದ ಮೊರ್ಸಿಯಾ ಎಂಬ ಕಪ್ಪು ರಕ್ತದ ಸಾಸೇಜುಗಳು ಮೇಜಿನ ಮೇಲೆ ಬಿದ್ದಿದ್ದವು. ರಕ್ತಕ್ಕೆ ಏನು ಹಾಕಿದ್ದೀಯ, ವಿನೆಗರ್ ಹಾಕಿದೆಯಾ ಎಂದು ಒತೀಲಿಯಾ ಏದುಸಿರು ಬಿಡುತ್ತ ಕೇಳಿದಳು. ಬರೀ ಉಪ್ಪು ಎಂದಳು ಹಸಿಂತಾ. ಉಪ್ಪು ಏನೂ ಮಾಡದು, ಆಮೇಲೆ ತೆಗೆಯಬಹುದು. ಒತೀಲಿಯಾ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಕೂತು, ಈ ರಕ್ತ ಯಾತಕ್ಕೆ ಬೇಕೆಂದು ಹೇಳಿದಳು. ಹೆರಿಗೆಯಲ್ಲಿ ಫಿಟ್ಸ್ ಬಂದು ಸತ್ತ ಹೆಂಗಸರ ಮಾತು ಬಂದಾಗ ಹಸಿಂತಾ ಈರುಳ್ಳಿ ಕೆದಕುವುದನ್ನು ನಿಲ್ಲಿಸಿದಳು.

"ಕೊಡಬೌದಿತ್ತು ದೊತ್ತೋರಾ. ಆದ್ರೆ ಸಚಿವರಿಗೆ ಚಾನ್ಫಾಯ್ನಾನೇ ಬೇಕಂತೆ, ಅವರಜ್ಜಿ ಮಾಡ್ತಿದ್ಲಂತೆ. ಡೈರೆಕ್ಟ್ರು ಆಗ್ಲೇ ಎರಡು ಸಲ ಬಂದು ಪಾತ್ರೆ ಇಣುಕಿ ಹೋದ್ರು. ಇದು ತಪ್ಪಿದ್ರೆ ನಾಳೆ ನನ್ನೊಲೆ ಆರಿಹೋಗತ್ತೆ."

ಮಾತು ಮುಗಿಯುವಷ್ಟರಲ್ಲಿ ಮೂರನೆಯ ಸಲಕ್ಕೆ ಅವರೇ ಬಂದರು. ಡಾಕ್ಟರ್ ಪುಚೇತಾ ಈ ಕೇಂದ್ರಕ್ಕೆ ಡೈರೆಕ್ಟರಾಗಿ ಬಂದಾಗಿನಿಂದ ಬೂಟು ಕೆಟ್ಟೀತೆಂದು ಒಂದು ದಿನವೂ ದೊಡ್ಡಿಗೆ ಕಾಲಿಟ್ಟವರಲ್ಲ. ಒತೀಲಿಯಾಳನ್ನು ಕಂಡು ಅವರ ಮುಖ ಅರಳಿತು. ಒಳ್ಳೆ ಹೊತ್ತಿಗೆ ಬಂದೆ, ಬಿಳಿ ಕೋಟು ಹಾಕಿಕೋ, ಸಚಿವರು ಬರುತ್ತಿರುವುದೇ ನಿನ್ನ ಆ ಹೋತನನ್ನು ನೋಡುವುದಕ್ಕೆ, ಪೇಪರಿನವರೂ ಇದ್ದಾರೆ ಎಂದರು.

"ಅದು ಬೆಂಕಿಯ ಮೇಲಿದೆ. ಹೋಗಿ ನೋಡಿ" ಎಂದಳು ಒತೀಲಿಯಾ.

ಪುಚೇತಾರ ಮುಖದಲ್ಲಿ ಒಂದು ಗಳಿಗೆ ರಕ್ತವಿರಲಿಲ್ಲ. ಪಶ್ಚಾತ್ತಾಪವೆಂದು ಒತೀಲಿಯಾ ತಪ್ಪು ತಿಳಿದಳು. ಅದು ಬರೀ ಲೆಕ್ಕಾಚಾರ. ಅದು ಮುಗಿದ ಕೂಡಲೆ ಬಣ್ಣ ಮರಳಿತು.

"ನೋಡಮ್ಮ, ನನಗೆ ಹೇಗೆ ಗೊತ್ತಾಗಬೇಕು? ಎಲ್ಲವೂ ಬಿಳಿ, ಎಲ್ಲಕ್ಕೂ ನಾಲ್ಕು ಕಾಲು. ಆಡಿಗೆ ಆಡು, ಇನ್ನೊಂದು ಬಿಳೀದನ್ನ ತೊಳೆದು ನಿಲ್ಲಿಸು. ಯಾರು ಬಂದು ಅದರ ಜಾತಕ ಕೇಳ್ತಾರೆ?"

ಒತೀಲಿಯಾ ಹಲ್ಲು ಕಚ್ಚಿಕೊಂಡು, ಯಾವುದನ್ನಾದರೂ ನಿಲ್ಲಿಸಿ, ನನಗೆ ಈ ಬೋಗುಣಿ ಕೊಡಿ ಎಂದಳು. ಚಾನ್ಫಾಯ್ನಾಗೆ ಬೇರೆ ಆಡು ಕಡಿಸಿ, ಹತ್ತು ನಿಮಿಷದ ಕೆಲಸ. ಅವರು ಗಡಿಯಾರ ನೋಡಿಕೊಂಡರು. ಸಚಿವರ ಕಾರು ಸೇತುವೆ ದಾಟಿದೆ, ಅವರಿಳಿಯುವ ಹೊತ್ತಿಗೆ ಅಂಗಳದಲ್ಲಿ ಪ್ರಾಣಿ ಅರಚಬೇಕೇ, ನೆಲದ ಮೇಲೆ ರಕ್ತ ಹರಿಯಬೇಕೇ ಎಂದು ಕೇಳಿದರು. ಊಟ ಮುಗಿಯಲಿ, ಉಳಿದಿದ್ದನ್ನು ತಗೋ ಎಂದರು. ಬೇಯಿಸಿದ ರಕ್ತ ಯಾತಕ್ಕೂ ಬಾರದೆಂದು ಅವಳು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಡಾಕ್ಟರ್ ಎಂದು ಹೆಸರಿನ ಹಿಂದೆ ಬರೆದುಕೊಳ್ಳುವ ಮನುಷ್ಯ. ಪ್ರತಿಕಾಯ ಬೆಂಕಿಯಲ್ಲಿ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಸಚಿವರ ನಾಲಿಗೆಯ ಮುಂದೆ ಅದು ದೊಡ್ಡದಾಗಿ ಕಾಣಲಿಲ್ಲ, ಅಷ್ಟೆ. ಹೊರಗೆ ಕಾರಿನ ಹಾರ್ನು ಕೇಳಿಸಿತು. ಅವರು ಒತೀಲಿಯಾಳ ತೋಳು ಹಿಡಿದು ಬಾಗಿಲಿನ ಕಡೆ ಎಳೆಯುತ್ತ, ರಕ್ತ ಹಾಕು ಇನ್ನು ಎಂದು ಹಸಿಂತಾಗೆ ಗದರಿದರು.

ಬಾಗಿಲು ದಾಟುವಾಗ ಒತೀಲಿಯಾ ಹಿಂತಿರುಗಿ ನೋಡಿದಳು. ಹಸಿಂತಾ ಬೋಗುಣಿಯನ್ನು ಎತ್ತಿ ಒಲೆಯ ಪಕ್ಕ ಇಡುತ್ತಿದ್ದಳು.

ಮರದ ನೆರಳಿನಲ್ಲಿ ಉದ್ದ ಮೇಜುಗಳನ್ನು ಹಾಕಿದ್ದರು. ಸಚಿವರು ದಡೂತಿ ಆಸಾಮಿ, ನಗು ಮೊದಲು ಬರುತ್ತಿತ್ತು, ಅವರು ಆಮೇಲೆ. ತಾನು ಇದೇ ಬೆಟ್ಟದ ಮಗ, ಆಡಿನ ಹಾಲು ಕುಡಿದು ಬೆಳೆದವನು ಎಂದು ಕೂತವರಿಗೆಲ್ಲ ಹೇಳುತ್ತಿದ್ದರು. ವೈನು ಸುರಿದರು, ಮಾಂಸ ಬಂತು. ಬಿಷಪ್ಪನ ಪಕ್ಕೆಲುಬುಗಳು ತಟ್ಟೆಯಿಂದ ತಟ್ಟೆಗೆ ಹೋದವು. ಒತೀಲಿಯಾಳ ಮುಂದೆಯೂ ಒಂದು ತುಂಡು ಇಟ್ಟರು. ಅವಳು ತಟ್ಟೆಯನ್ನು ಮೇಜಿನ ಅಂಚಿಗೆ ತಳ್ಳಿ, ಕೈಗಳನ್ನು ಕೋಟಿನ ಜೇಬಿನಲ್ಲಿ ಮುಷ್ಟಿ ಕಟ್ಟಿ ಕೂತಳು. ಆಮೇಲೆ ಮುಚ್ಚಳ ತೆಗೆದ ಪಾತ್ರೆ ಬಂತು. ಒಳಗಿನ ಗೊಜ್ಜು ಕಡುಕಪ್ಪಾಗಿ, ದಪ್ಪಗೆ ಕುದಿದು ಹೊಳೆಯುತ್ತಿತ್ತು.

ಅದನ್ನು ನೋಡಿದ ಮೇಲೆ ಅವಳಿಗೆ ಇನ್ನೇನೂ ನೋಡಬೇಕೆನಿಸಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮನಿಗೆ ಯಾವ ಬಾಯಲ್ಲಿ ಹೇಳುವುದು? ಆಡನ್ನು ತಿಂದರು ಎಂದು ಹೇಳುವುದೇ? ಸಚಿವರು ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟುಕೊಂಡರು. ಅಜ್ಜಿಯ ಕೈ, ಇದು ನನ್ನ ಅಜ್ಜಿಯದೇ ಕೈ ಎಂದರು. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣು ಕೂಡ ಒದ್ದೆಯಾದವು.

ಇದೇ ಹದವೆಂದು ಪುಚೇತಾ ಎದ್ದು ಸನ್ನೆ ಮಾಡಿದರು. ಕುರ್ಚಿ ತಂದು ಇಳಿಸಿದ್ದ ದೊಡ್ಡಿಯಾಳು, ಇದೇನೆಂದು ತಿಳಿಯದ ಮುಖ ಹೊತ್ತು, ಒಂದು ಬಿಳಿ ಆಡನ್ನು ಹಗ್ಗ ಹಿಡಿದು ಕರೆತಂದ. ಅದಕ್ಕೆ ಸ್ನಾನ ಮಾಡಿಸಿ ಕೊರಳಿಂದ ಬೆನ್ನ ಮೇಲೆ ಬಾವುಟದ ಬಣ್ಣದ ಅಗಲ ಪಟ್ಟಿ ಹೊದೆಸಿದ್ದರು. ಬಡ ತಾಯಂದಿರ ಪ್ರಾಣ ಕಾಯುವ ಪ್ರತಿಕಾಯವನ್ನು ನೀಡುವವನು ಇವನೇ, ನಾಲ್ಕು ಹೋತಗಳಲ್ಲಿ ಗೆದ್ದ ಒಬ್ಬನೇ ಹೋತ, ನಮ್ಮ ಪ್ರೀತಿಯ ಬಿಷಪ್ಪ ಎಂದು ಪುಚೇತಾ ಪರಿಚಯಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿಯ ಜನ ಚಪ್ಪಾಳೆ ತಟ್ಟಿದರು. ಫೋಟೋದವನು ಮುಂದೆ ಬಂದ.

ಸಚಿವರು ಆಡಿನ ತಲೆ ಸವರಲು ಬಗ್ಗಿದರು. ಬಗ್ಗಿದವರು ಹಾಗೆಯೇ ನಿಂತರು. ಬೆಟ್ಟದ ಮಗ ಎಂದದ್ದರಲ್ಲಿ ಅಷ್ಟು ಮಾತ್ರ ಸುಳ್ಳಿರಲಿಲ್ಲ. ಅವರು ಪಟ್ಟಿಯ ಅಂಚನ್ನು ಒಂದು ಬೆರಳಿನಿಂದ ಎತ್ತಿ ಹೊಟ್ಟೆಯಡಿಗೆ ಇಣುಕಿದರು.

"ಏನ್ರೀ ಪುಚೇತಾ, ನಿಮ್ಮ ಬಿಷಪ್ಪರಿಗೆ ಕೆಚ್ಚಲು ತುಂಬಿದೆಯಲ್ಲ. ಸಂಜೆ ಯಾರಾದರೂ ಹಾಲು ಕರೆಯಿರಿ, ಪಾಪ, ನೋವಾದೀತು."

ಮೇಜಿಗೆ ಮೇಜೇ ನಕ್ಕಿತು. ಪುಚೇತಾರೂ ನಗಲು ನೋಡಿದರು, ಆಗಲಿಲ್ಲ. ತಾಂತ್ರಿಕ ವಿಷಯ, ನಮ್ಮ ವಿಜ್ಞಾನಿಯೇ ವಿವರಿಸುತ್ತಾರೆ ಎಂದು ಒತೀಲಿಯಾಳ ಕಡೆ ಕೈ ತೋರಿ, ಕಣ್ಣಲ್ಲೇ ಬೇಡಿಕೊಂಡರು. ಅವಳು ಎದ್ದು ನಿಂತಳು. ಅವಳಿಗಿನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಹಾಗೆ ಆದವರ ಬಾಯಿಗೆ ಯಾರು ತಾನೇ ಬೀಗ ಹಾಕಿಯಾರು.

"ವಿವರಿಸೋಕೆ ಏನಿದೆ? ಇದು ಹಾಲಿನ ಮೇಕೆ. ಬಿಷಪ್ಪ ನಿಮ್ಮ ತಟ್ಟೆಯಲ್ಲಿದಾನೆ. ಅವನ ರಕ್ತ ಆ ಪಾತ್ರೇಲಿದೆ, ನಿಮ್ಮ ಅಜ್ಜಿ ಕೈ ಅಂದ್ರಲ್ಲ, ಅದರಲ್ಲಿ. ಎರಡು ವರ್ಷ ಅವನಿಗೆ ಸೂಜಿ ಚುಚ್ಚಿ, ಬೇಡಿಕೊಂಡು, ಆ ರಕ್ತ ಮಾಡ್ಕೊಂಡಿದ್ವಿ. ಒಂದೊಂದು ತೊಟ್ಟಿಗೆ ಒಬ್ಬೊಬ್ಬ ಬಸುರಿ. ಈ ಬೆಟ್ಟದ ಮೇಲೆ ಈಗ ಹೊಟ್ಟೆ ಹೊತ್ತಿರೋ ಹೆಣ್ಣುಮಕ್ಕಳಿಗೆ ನಾಳೆ ಮುಖ ಊದಿದರೆ, ಯಾಕೆ ಊದ್ತು ಅಂತ ಹೇಳೋಕೆ ಅದೊಂದೇ ಇತ್ತು. ಅದನ್ನ ಈರುಳ್ಳಿ ಜೊತೆ ಬೇಯಿಸಿ ತಿಂದಿದೀರಿ. ಇನ್ನೂ ಇದ್ರೆ ಬಡಿಸ್ಕೊಳ್ಳಿ, ಚೆಲ್ಲಬೇಡಿ."

ಒಬ್ಬಾಕೆ ಬಾಯಲ್ಲಿದ್ದುದನ್ನು ಕರವಸ್ತ್ರಕ್ಕೆ ಉಗುಳಿದಳು. ಸಚಿವರು ಚಮಚ ಕೆಳಗಿಟ್ಟು, ಚುಚ್ಚಿದ್ದು ಏನಾದರೂ ತಿಂದವರಿಗೆ ತೊಂದರೆ ಮಾಡುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಇಲ್ಲ, ನಿಮಗೆ ಏನೂ ಆಗುವುದಿಲ್ಲ ಎಂದಳು ಒತೀಲಿಯಾ. ಸಚಿವರು ನಿಟ್ಟುಸಿರು ಬಿಟ್ಟರು. ಛೆ, ಹೀಗಾಗಬಾರದಿತ್ತು, ಪುಚೇತಾ, ಇವರಿಗೆ ಇನ್ನೊಂದು ಒಳ್ಳೆ ಹೋತ ಕೊಡಿಸಿ, ನನ್ನ ಕಾರ್ಯದರ್ಶಿಗೆ ಬರೆಯಿರಿ ಎಂದರು. ಅಲ್ಲಿಗೆ ವಿಷಯ ಮುಗಿದಿತ್ತು. ಅವರು ಮತ್ತೆ ಚಮಚ ಎತ್ತಿಕೊಂಡರು. ಅವರು ಎತ್ತಿದ್ದನ್ನು ನೋಡಿ ಉಳಿದವರೂ ಎತ್ತಿಕೊಂಡರು, ಉಗುಳಿದವಳೂ ಸೇರಿ.

ಬೈದಿದ್ದರೆ ಸಹಿಸಬಹುದಿತ್ತು. ಅವಳ ಹೊಟ್ಟೆ ಉರಿದದ್ದು ಆ ಚಮಚ ಮೇಲೆದ್ದಾಗ. ಬೋಗುಣಿಯ ಗೋಡೆಗೆ ಅಂಟಿದ್ದಾದರೂ ಸಿಕ್ಕೀತು, ಕೆರೆದು ತೆಗೆದರೆ ಒಂದು ಕೊಳವೆಯಷ್ಟಾದರೂ ಆದೀತು ಎಂಬ ಹುಚ್ಚು ಆಸೆಯಲ್ಲಿ ಅವಳು ಅಡುಗೆಮನೆಗೆ ನಡೆದಳು. ಹಸಿಂತಾ ಪಾತ್ರೆ ಉಜ್ಜುತ್ತಿದ್ದಳು. ಬೋಗುಣಿ ತೊಳೆದುಬಿಟ್ಟೆಯಾ ಎಂದು ಒತೀಲಿಯಾ ಕೇಳಿದಳು. ಹಸಿಂತಾ ಸೋಡಾ ಬಾಟಲಿಗಳನ್ನು ಮಂಜುಗಡ್ಡೆಯಲ್ಲಿ ಹೂತಿಟ್ಟಿದ್ದ ದೊಡ್ಡ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಬಾಟಲಿಗಳ ನಡುವೆ ಬೋಗುಣಿ ಕೂತಿತ್ತು. ಮೇಲೆ ತಟ್ಟೆ, ತಟ್ಟೆಯ ಮೇಲೆ ಒದ್ದೆ ಬಟ್ಟೆ. ಒಳಗೆ ರಕ್ತ ಹಸಿಯಾಗಿ, ಕೆಂಪಗೆ, ಅಂಚಿನವರೆಗೆ ಹಾಗೇ ಇತ್ತು.

"ಅದು ಮೊರ್ಸಿಯಾ. ಗ್ರಿಲ್ಲಿಗೆ ತಂದಿದ್ನ ಒಡೆದು ಹಾಕಿ ಕುದಿಸ್ದೆ. ಅವರಜ್ಜಿ ಕೈಯಂತೆ, ಅಜ್ಜಿ ಕೈ. ಆ ಯಮ್ಮ ನಮ್ಮ ಬೀದೀಲೇ ಇದ್ದಿದ್ದು, ಇಟಲಿಯವಳು, ರಕ್ತ ಕಂಡ್ರೆ ಮೂರ್ಛೆ ಬೀಳ್ತಿದ್ಲು. ತಗೊಂಡ್ ಹೋಗಿ ಬೇಗ. ನಾನ್ ಕೊಟ್ಟೆ ಅನ್ಬೇಡಿ."

ಒತೀಲಿಯಾಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಹಸಿಂತಾಳ ಒದ್ದೆ ಕೈಯನ್ನು ಹಿಡಿದು ಕೆನ್ನೆಗೊತ್ತಿಕೊಂಡಳು. ಆಮೇಲೆ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವಚಿಕೊಂಡು ಹೊರಟಳು. ಪ್ರಯೋಗಾಲಯಕ್ಕೆ ಹೋಗುವ ದಾರಿ ಮೇಜುಗಳ ನಡುವೆಯೇ ಇತ್ತು. ಒಂದು ಹನಿ ತುಳುಕದಂತೆ ಅವಳು ನಿಧಾನವಾಗಿ ನಡೆದು ಬರುತ್ತಿದ್ದರೆ, ಜನ ಕುರ್ಚಿ ಸರಿಸಿ ದಾರಿ ಕೊಟ್ಟರು. ಬಾಗಿಲಿಗೆ ಅಡ್ಡ ಬಂದವರು ಪುಚೇತಾ. ಬೋಗುಣಿಯೊಳಗೆ ನೋಡಿದರು, ಖಾಲಿಯಾದ ಚಾನ್ಫಾಯ್ನಾ ಪಾತ್ರೆಯನ್ನು ನೋಡಿದರು.

"ಹಾಗಾದರೆ ನಾವು ತಿಂದದ್ದೇನು?"

"ನಾನು ಬದಲಾಯಿಸಿದ್ದು. ಪೇಟೆ ಮೊರ್ಸಿಯಾ. ಹಸಿಂತಾಗೆ ಗೊತ್ತಿಲ್ಲ."

ಪುಚೇತಾರ ಕತ್ತಿನ ನರ ಉಬ್ಬಿತು. ಸಚಿವರಿಗೆ ಕೇಳದಂತೆ ದನಿ ತಗ್ಗಿಸಿ, ಸೋಮವಾರದಿಂದ ನೀನು ಈ ಗೇಟಿನೊಳಗೆ ಕಾಲಿಡಕೂಡದು ಎಂದರು.

"ಆಗಲಿ. ಸೋಮವಾರಕ್ಕೆ ಇನ್ನೂ ಹೊತ್ತಿದೆ. ಈಗ ಪಕ್ಕಕ್ಕೆ ಸರೀರಿ, ಕೋಟಿಗಾಗತ್ತೆ."

ಅವರು ಕೋಟನ್ನು ನೋಡಿಕೊಂಡು ಸರಿದರು. ಕೆಲಸ ಹೋಯಿತೆಂಬುದು ಅವಳಿಗೆ ನಾಟಿತ್ತು, ಆದರೆ ಅದನ್ನು ನೋಯಲು ಬಿಡುವಷ್ಟು ಸಮಯ ಅವಳ ಬಳಿ ಇರಲಿಲ್ಲ. ಒಳಗೆ ಹೋಗಿ ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಮಾಡಿ, ಸಂಜೆಯ ಬಸ್ಸಿಗೆ ಪ್ರತಿಕಾಯ ತರುತ್ತೇನೆ, ಫ್ರೀಜರಿನಲ್ಲಿ ಜಾಗ ಮಾಡಿಡಿ, ಇನ್ನು ಮುಂದೆ ಅದು ನಿಮ್ಮಲ್ಲೇ ಇರಬೇಕು ಎಂದಳು. ಒಂದು ಸಲಕ್ಕೆ ಇಷ್ಟು ರಕ್ತ ಬದುಕಿದ್ದ ಬಿಷಪ್ಪನಿಂದ ಸಿಗುತ್ತಲೇ ಇರಲಿಲ್ಲ. ಇನ್ನು ಮುಂದೆ ಒಂದು ತೊಟ್ಟೂ ಸಿಗದು. ಅದನ್ನು ನೆನೆದು ಅವಳಿಗೆ ಮತ್ತೆ ಸಿಟ್ಟು ಬಂತು. ಸಿಟ್ಟಿನಲ್ಲೇ ಕೊಳವೆಗಳಿಗೆ ರಕ್ತ ತುಂಬಿ, ತೂಕ ಸರಿಮಾಡಿ, ರಕ್ತಕಣಗಳನ್ನು ಬೇರ್ಪಡಿಸಲೆಂದು ತಿರುಗಿಸುವ ಯಂತ್ರದೊಳಗೆ ಇಟ್ಟು ಗುಂಡಿ ಒತ್ತಿದಳು. ಹಳೆಯ ಯಂತ್ರ, ಗಿರಣಿಯಂತೆ ಅಬ್ಬರಿಸಿತು.

ಹೊರಗೆ ಸಚಿವರು ಮೈಕು ಹಿಡಿದಿದ್ದರು. ತಾಯಂದಿರು ಎಂಬ ಒಂದು ಮಾತು ಕಿಟಕಿಯಿಂದ ಒಳಗೆ ಬಂತು, ಮುಂದಿನದು ಗದ್ದಲದಲ್ಲಿ ಅಡಗಿಹೋಯಿತು. ಯಾರೋ ಬಂದು, ಭಾಷಣ ಕೇಳುತ್ತಿಲ್ಲ, ಮಿಷನ್ ನಿಲ್ಲಿಸಬೇಕಂತೆ ಎಂದು ಬಾಗಿಲು ತಟ್ಟಿದರು. ಒತೀಲಿಯಾ ಚಿಲಕ ಹಾಕಿಕೊಂಡು ಎರಡನೆಯ ಸುತ್ತಿಗೆ ಕೊಳವೆಗಳನ್ನು ತುಂಬತೊಡಗಿದಳು.